ಎಣ್ಣಿ ಡಬ್ಬಿಯೂ ಜತೆಗೆ ಬರಲಿ

ಬಳ್ಳಾರಿ ಜಿಲ್ಲೆಯ ದೇಶನೂರಿನ ಗದ್ದೆಗಳಲ್ಲಿ ಬತ್ತ ಹೊಡೆಗೆ ಬರುವ ಹೊತ್ತಿಗೆ ಬೆನ್ನಿಗೆ ಪಂಪು ಹೊತ್ತವರು ಬದುವಿನ ಮೇಲೆ ಕಾಣತೊಡಗುತ್ತಾರೆ. ಈ ಸೀಮೆಯ ಮಾತಿನಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಅಂತಲೇ ಹೆಸರು. ‘ಎಣ್ಣಿ ಹೊಡಿಯಾಕ ಹೋಗ್ಯಾನ’ ಅಂದರೆ ಅದು ದಿನದ ಕೆಲಸ. ‘ಎಣ್ಣಿ ಕುಡಿದಾನ’ ಅಂದರೆ ಓಣಿಗೆ ಓಣಿಯೇ ಎದ್ದು ಓಡಿ ಬರುತ್ತದೆ.

ಮೊದಲ ಅರ್ಧ ತಾಸು ಇರುವುದು ಹಾಗೆ ಓಡಿ ಬಂದವರ ಕೈಯಲ್ಲೇ. ಸಿರುಗುಪ್ಪದ ಸರ್ಕಾರಿ ಆಸ್ಪತ್ರೆ ಹತ್ತಿರವಿದೆ, ನಿಜ. ಆದರೆ ಸ್ಥಿತಿ ಬಿಗಡಾಯಿಸಿದರೆ ತೆಕ್ಕಲಕೋಟೆ ದಾಟಿ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಸೇರಬೇಕು. ಅದು 50 ಕಿ.ಮೀ.ಗೂ ಮಿಕ್ಕ ದಾರಿ.

ಆ ಅರ್ಧ ತಾಸಿನಲ್ಲಿ ಹೆಚ್ಚಾಗಿ ನಡೆಯುವುದೇನು? ಒಬ್ಬರು ಉಪ್ಪುನೀರು ಕದಡುತ್ತಾರೆ, ಇನ್ನೊಬ್ಬರು ಹುಣಸೆಹುಳಿ ಕಿವುಚುತ್ತಾರೆ, ಮತ್ತೊಬ್ಬರು ಗಂಟಲಿಗೆ ಬೆರಳು ಹಾಕುತ್ತಾರೆ. ಎಲ್ಲವೂ ಜೀವ ಉಳಿಸುವ ತವಕದಿಂದಲೇ. ಆದರೆ ಅನೇಕ ಕೀಟನಾಶಕಗಳನ್ನು ಸೀಮೆಎಣ್ಣೆಯಂಥ ದ್ರಾವಕದಲ್ಲಿ ಬೆರೆಸಿರುತ್ತಾರೆ. ಅರೆಪ್ರಜ್ಞೆಯಲ್ಲಿರುವವನಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯೊಳಗಿದ್ದ ಕೇಡು ಎದೆಗೂ ಹಬ್ಬುತ್ತದೆ.

ಮೊನೊಕ್ರೊಟೊಫಾಸ್, ಕ್ಲೋರೊಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ವಿಷಗಳು ಕೊಲ್ಲುವ ಬಗೆಯೇ ಬೇರೆ. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿದೊಡನೆ ಒಡೆದುಹೋಗಬೇಕು. ಅದನ್ನು ಒಡೆಯುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಜೊಲ್ಲು, ಕಣ್ಣೀರು, ಬೆವರು ನಿಲ್ಲುವುದಿಲ್ಲ, ತೋಳಿನ ಮಾಂಸ ಅದುರುತ್ತದೆ. ಶ್ವಾಸಕೋಶದಲ್ಲೂ ನೀರಾಡಿ, ಮನುಷ್ಯ ಒಣ ನೆಲದ ಮೇಲೆಯೇ ಮುಳುಗತೊಡಗುತ್ತಾನೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುವುದು ಮುಖ್ಯವಾಗಿ ಆ ನೀರನ್ನು ಒಣಗಿಸಲಿಕ್ಕೆ.

ಹಾಗಾಗಿ ಊರವರ ಕೆಲಸ ಕಡಿಮೆ, ಆದರೆ ಆತುರದ್ದು. 108 ಆಂಬುಲೆನ್ಸ್‌ಗೆ ಕರೆ ಹೋಗಬೇಕು. ಎಡಮಗ್ಗುಲಾಗಿ ಮಲಗಿಸಿ, ಬಾಯಲ್ಲಿರುವ ಜೊಲ್ಲು ಹೊರಗೆ ಹರಿಯಲು ಬಿಡಬೇಕು. ಎಣ್ಣಿ ಸೋಕಿದ ಅಂಗಿ, ಲುಂಗಿ ಕಳಚಿ ಮೈ, ಕೂದಲು, ಉಗುರುಸಂದಿಯನ್ನೆಲ್ಲ ಸೋಪು ಹಚ್ಚಿ ತೊಳೆಯಬೇಕು. ತೊಳೆಯುವವರ ಕೈಗೆ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಕುಡಿದವರಿಗಷ್ಟೇ ಅಲ್ಲ, ಸೋರುವ ಪಂಪು ಹೊತ್ತು ಬೆನ್ನೆಲ್ಲ ನೆನೆದು, ತಲೆಸುತ್ತಿ ಬದುವಿನ ಮೇಲೆ ಕುಸಿದವರಿಗೂ ಇದೇ ಆರೈಕೆ.

ಇನ್ನೊಂದು ಕೆಲಸವನ್ನು ಗಾಬರಿಯಲ್ಲಿ ಬಹಳ ಮಂದಿ ಮರೆಯುತ್ತಾರೆ: ಎಣ್ಣಿ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯುವುದು. ಅದರ ಚೀಟಿಯ ಮೇಲೆ ವಜ್ರಾಕಾರದ ಗುರುತಿರುತ್ತದೆ. ಅದರ ಕೆಳ ಅರ್ಧ ಕೆಂಪಿದ್ದರೆ ಅತ್ಯಂತ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಪಕ್ಕದಲ್ಲೇ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ರಾಸಾಯನಿಕದ ಹೆಸರು, ಪ್ರತಿವಿಷದ ವಿವರ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ, ಅಟ್ರೋಪಿನ್ ಅಲ್ಲಿ ಉಪಯೋಗಕ್ಕೆ ಬಾರದು. ‘ಅದೇನೋ ಎಣ್ಣಿ ಸಾರ್’ ಎಂಬ ಉತ್ತರದಿಂದ ವೈದ್ಯರಿಗೆ ಇದು ತಿಳಿಯುವುದಿಲ್ಲ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ವಿಷದ ಹೆಸರು ತಿಳಿದಿದ್ದು ತಡವಾಗಿಯೇ. ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ಹಲವರನ್ನು ದೂರದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿ ವೆಂಟಿಲೇಟರ್‌ಗೆ ಹಾಕಬೇಕಾಯಿತು. ಬೆರೆತಿದ್ದು ಮೊನೊಕ್ರೊಟೊಫಾಸ್ ಎಂದು ಪ್ರಯೋಗಾಲಯದ ವರದಿ ಆಮೇಲೆ ಹೇಳಿತು.

ಒಂದು ದಿನದಲ್ಲಿ ಚೇತರಿಸಿಕೊಂಡು ಮಾತಾಡಿದವರನ್ನು ‘ಗುಣ ಆತು’ ಎಂದು ಮನೆಗೆ ಕರೆತರುವುದೂ ಅಪಾಯ. ಆರ್ಗನೋಫಾಸ್ಫರಸ್ ವಿಷದಲ್ಲಿ 24ರಿಂದ 96 ತಾಸಿನೊಳಗೆ ಕತ್ತು ಎತ್ತಲಾಗದಷ್ಟು ನಿಶ್ಶಕ್ತಿ ಬಂದು, ಉಸಿರಾಟ ಮತ್ತೆ ಸೋಲುವುದುಂಟು.

ಪೊಲೀಸ್ ಕೇಸಿನ ಅಂಜಿಕೆಯಿಂದ ಎಷ್ಟೋ ಮನೆಗಳಲ್ಲಿ ಹೊತ್ತು ಕಳೆಯುತ್ತದೆ. ಆದರೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ, ಅವರ ಆರೈಕೆಯನ್ನು ಸರ್ಕಾರದ ಹೊಣೆಯಾಗಿಸುತ್ತದೆ. ಬದುಕು ಭಾರವೆನಿಸಿದವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ವಿಷದ ಮಾಹಿತಿ ಬೇಕಾದರೆ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಇದೆ. ಅಲ್ಲೂ ಮೊದಲು ಕೇಳುವುದು ಡಬ್ಬಿಯ ಮೇಲಿನ ಹೆಸರನ್ನೇ.