ಬಿದ್ದವರು ಎದ್ದು ಮಾತಾಡಿದ ಮೇಲೆ

ರಾಮಕುಂಜ, ಕೊಯಿಲ, ಆಲಂಕಾರು, ಕಡಬದ ಕಡೆ ಮಳೆಗಾಲವೆಂದರೆ ಅಡಿಕೆಗೆ ಮದ್ದು ಬಿಡುವ ಕಾಲ. ಕೊಳೆರೋಗ ತಗಲದಂತೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ತುಸು ಬಿಡುವು ಕೊಟ್ಟಾಗಲೇ ಗೊನೆಗಳಿಗೆ ಹೊಡೆದು ಮುಗಿಸಬೇಕು. ಕಾಲಿಗೆ ತಳೆ ಹಾಕಿ ನಲವತ್ತು ಐವತ್ತು ಅಡಿ ಏರುವವರಿಗೆ ಪಾಚಿಗಟ್ಟಿದ ಕಾಂಡದ ಮೇಲೆ ಹಿಡಿತ ಸಿಗುವುದೇ ಕಷ್ಟ. ಬಿದ್ದವರು ಪ್ರಜ್ಞೆ ತಪ್ಪಿದರೆ ಊರವರು ತಡ ಮಾಡುವುದಿಲ್ಲ, ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಹೊರಡುತ್ತಾರೆ. ನನಗೆ ಹೆಚ್ಚು ಆತಂಕ ಇರುವುದು ಇನ್ನೊಬ್ಬರ ಬಗ್ಗೆ. ಅವರು ಬಿದ್ದ ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಾರೆ, ಏನೂ ಆಗಿಲ್ಲ ಎನ್ನುತ್ತಾರೆ, ನೀರು ಕುಡಿದು ಮನೆಗೆ ನಡೆಯುತ್ತಾರೆ, ತಲೆನೋವೆಂದು ಮಲಗುತ್ತಾರೆ. ಸಂಜೆ ಎಬ್ಬಿಸಲು ಹೋದರೆ ಏಳುವುದಿಲ್ಲ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ತಲೆಬುರುಡೆಯೊಳಗಿನ ಪದರಗಳಲ್ಲಿದೆ. ಮಿದುಳನ್ನು ಮೂರು ಪೊರೆಗಳು ಸುತ್ತಿವೆ. ಹೊರಗಿನದು ಡ್ಯೂರಾ, ಗಟ್ಟಿ ಮತ್ತು ದಪ್ಪ, ಬುರುಡೆಯ ಒಳಮೈಗೆ ಅಂಟಿಕೊಂಡೇ ಇರುತ್ತದೆ. ಅದರೊಳಗೆ ನವಿರಾದ ಅರಾಕ್ನಾಯ್ಡ್. ಎಲ್ಲಕ್ಕಿಂತ ಒಳಗೆ ಪಯಾ; ಮಿದುಳಿನ ಮಡಿಕೆ ಮಡಿಕೆಗೂ ಇಳಿದು ಮೈಗೆ ಮೈಯಾಗಿ ಹೊಂದಿಕೊಂಡಿರುವ ತೆಳುಪೊರೆ. ತಲೆಗೆ ಪೆಟ್ಟು ಬಿದ್ದಾಗ ರಕ್ತ ಯಾವ ಪೊರೆಯ ಯಾವ ಬದಿಯಲ್ಲಿ ಸೋರಿತು ಎನ್ನುವುದರ ಮೇಲೆ, ಕೈಯಲ್ಲಿರುವ ಸಮಯ ನಿಮಿಷಗಳೋ ಗಂಟೆಗಳೋ ವಾರಗಳೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಕಿವಿಗಿಂತ ಸ್ವಲ್ಪ ಮುಂದೆ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ, ಕಣತಲೆಯನ್ನು ಮುಟ್ಟಿ ನೋಡಿ. ಬುರುಡೆಯ ನಾಲ್ಕು ಎಲುಬುಗಳು ಸೇರುವ ಜಾಗ ಅದು, ಎಲುಬು ಅಲ್ಲಿ ತೆಳು. ಅದರ ಒಳಮೈಯ ಗೀರುಗಳಲ್ಲಿ ಡ್ಯೂರಾಕ್ಕೆ ರಕ್ತ ಕೊಡುವ ಒಂದು ಧಮನಿ ಹಾದುಹೋಗುತ್ತದೆ. ಎಲುಬು ಬಿರಿದಾಗ ಈ ಧಮನಿ ಹರಿದರೆ ರಕ್ತವು ಎಲುಬಿಗೂ ಡ್ಯೂರಾಕ್ಕೂ ನಡುವೆ ಸೇರುತ್ತದೆ. ಅಲ್ಲಿ ಸಹಜವಾಗಿ ಖಾಲಿ ಜಾಗವಿಲ್ಲ. ಅಂಟಿಕೊಂಡಿರುವ ಪೊರೆಯನ್ನು ಎಬ್ಬಿಸುತ್ತಾ ಎಬ್ಬಿಸುತ್ತಾ ರಕ್ತ ತನ್ನ ಜಾಗವನ್ನು ತಾನೇ ಮಾಡಿಕೊಳ್ಳಬೇಕು. ಅದಕ್ಕೆ ಹಿಡಿಯುವ ಹೊತ್ತಿನಲ್ಲೇ ಗಾಯಾಳು ಎಚ್ಚರವಾಗಿ ಮಾತಾಡುತ್ತಿರುತ್ತಾನೆ. ವಯಸ್ಸಾದವರಲ್ಲಿ ಡ್ಯೂರಾ ಎಲುಬಿಗೆ ಬಲವಾಗಿ ಅಂಟಿರುವುದರಿಂದ ಈ ಬಗೆಯ ರಕ್ತಸ್ರಾವ ಅಪರೂಪ. ಮರ ಏರುವ ವಯಸ್ಸಿನವರಿಗೆ, ಬೈಕ್ ಓಡಿಸುವ ವಯಸ್ಸಿನವರಿಗೆ ಇದರ ಅಪಾಯ ಹೆಚ್ಚು.

ಬಿದ್ದವರು ಸ್ವಲ್ಪ ಹೊತ್ತು ಎಚ್ಚರವಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ ಹೇಳಿದ್ದನ್ನು ಜಾರ್ಜ್ ಕೆಲ್ಲಿ 1824ರಲ್ಲಿ ಬೆಂಬಲಿಸಿದ: ಬುರುಡೆ ಹಿಗ್ಗುವುದಿಲ್ಲ, ಆದ್ದರಿಂದ ಒಳಗೆ ಏನಾದರೂ ಹೆಚ್ಚಾದರೆ ಇನ್ನೇನೋ ಹೊರಗೆ ಹೋಗಲೇಬೇಕು. ಮೊದಲು ಮಿದುಳಿನ ಸುತ್ತಲಿನ ದ್ರವ ಬೆನ್ನುಹುರಿಯ ಕಡೆಗೆ ಇಳಿಯುತ್ತದೆ, ಸಿರೆಗಳ ರಕ್ತ ಹೊರಗೆ ಹಿಂಡಿಹೋಗುತ್ತದೆ. ಅಷ್ಟರವರೆಗೆ ಒಳಗಿನ ಒತ್ತಡ ಹೆಚ್ಚು ಏರುವುದಿಲ್ಲ, ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಈ ಎರಡೂ ಅವಕಾಶಗಳು ಮುಗಿದ ಮೇಲೆ ಕೆಲವೇ ಚಮಚ ರಕ್ತ ಹೆಚ್ಚಿದರೂ ಒತ್ತಡ ಒಮ್ಮೆಲೇ ಏರುತ್ತದೆ. ಮಿದುಳು ಪಕ್ಕಕ್ಕೂ ಕೆಳಕ್ಕೂ ಒತ್ತಿ, ಕಣ್ಣಿನ ಪಾಪೆಯನ್ನು ಕಿರಿದು ಮಾಡುವ ನರವನ್ನು ಅದುಮುತ್ತದೆ. ಒಂದು ಕಣ್ಣಿನ ಪಾಪೆ ಮಾತ್ರ ಅಗಲವಾಗಿ ಕಂಡರೆ ಅದರ ಅರ್ಥ ಇದೇ. ಮುಂದಿನ ಸರದಿ ಉಸಿರಾಟವನ್ನು ನಡೆಸುವ ಮಿದುಳುಕಾಂಡದ್ದು.

ರಾಮಕುಂಜದಿಂದ ಮಂಗಳೂರಿಗೆ 60 ಕಿಲೋಮೀಟರಿಗೂ ಹೆಚ್ಚು ದಾರಿ. ಬುರುಡೆ ತೆರೆದು ರಕ್ತ ತೆಗೆಯುವ ಶಸ್ತ್ರಚಿಕಿತ್ಸೆಗೆ ಇಲ್ಲಿನವರು ಸಾಮಾನ್ಯವಾಗಿ ಹೋಗಬೇಕಾದದ್ದು ಅಲ್ಲಿಗೇ. ಹಾಗಾಗಿ ಬಿದ್ದವರು ಮಾತಾಡುತ್ತಿದ್ದಾರೆ ಎಂಬ ಹೊತ್ತೇ ಹೊರಡಬೇಕಾದ ಹೊತ್ತು ಎಂದು ನಾನು ಒತ್ತಿ ಹೇಳುತ್ತೇನೆ. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ತೂಕಡಿಕೆ ಬಂದರೆ, ಒಂದು ಕೈ ಸೋತರೆ, 108ಕ್ಕೆ ಕರೆ ಮಾಡಲು ಇನ್ನೇನೂ ಬೇಕಿಲ್ಲ. ಕುತ್ತಿಗೆ ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು, ಏಕೆಂದರೆ ಮರದಿಂದ ಬಿದ್ದವರ ಬೆನ್ನುಮೂಳೆಗೂ ಪೆಟ್ಟಾಗಿರಬಹುದು.

ಒತ್ತಡ ಏರುವ ಮೊದಲು ಬೆನ್ನುಹುರಿಯ ಕಡೆಗೆ ಇಳಿಯುತ್ತದೆ ಎಂದೆನಲ್ಲ, ನೀರಿನಂತೆ ತಿಳಿಯಾದ ಆ ದ್ರವ ಇರುವುದು ಅರಾಕ್ನಾಯ್ಡ್ ಮತ್ತು ಪಯಾಗಳ ನಡುವೆ. ಮಿದುಳಿನೊಳಗಿನ ಕುಳಿಗಳಲ್ಲಿ ರಕ್ತನಾಳಗಳ ಗೊಂಚಲುಗಳು ಇದನ್ನು ದಿನಕ್ಕೆ ಅರ್ಧ ಲೀಟರಿನಷ್ಟು ತಯಾರಿಸುತ್ತವೆ. ಆದರೆ ಯಾವುದೇ ಹೊತ್ತಿನಲ್ಲಿ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ. ದಿನಕ್ಕೆ ಮೂರು ನಾಲ್ಕು ಬಾರಿ ಹಳೆಯದು ಹೋಗಿ ಹೊಸದು ತುಂಬುತ್ತದೆ. ನೆತ್ತಿಯ ಉದ್ದಕ್ಕೂ ಡ್ಯೂರಾದೊಳಗೆ ಸಾಗುವ ದೊಡ್ಡ ಸಿರೆಯ ಮೂಲಕ ಅದು ಬಹುಪಾಲು ರಕ್ತಕ್ಕೆ ಮರಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ನೋಡಲು ಸಿಗುವ ಮಿದುಳುಗಳು ಫಾರ್ಮಲಿನ್‌ನಲ್ಲಿ ಗಟ್ಟಿಯಾದವು. ಜೀವಂತ ಮಿದುಳು ಎಷ್ಟು ಮೃದುವೆಂದರೆ, ಹೊರಗಿಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸುಮಾರು 1,400 ಗ್ರಾಂ ತೂಗುವ ಅದು ಈ ದ್ರವದಲ್ಲಿ ತೇಲುವುದರಿಂದ ಬುರುಡೆಯ ತಳದ ಮೇಲೆ ಬೀಳುವ ಭಾರ 50 ಗ್ರಾಂ ಆಸುಪಾಸಿನದು. ನಡೆದಾಟ, ಓಟ, ಜೀಪಿನ ಕುಲುಕಾಟ ಎಲ್ಲವನ್ನೂ ಮಿದುಳು ತಾಳಿಕೊಳ್ಳುವುದು ಹೀಗೆ. ನಲವತ್ತು ಅಡಿಯ ಬೀಳುವಿಕೆಯನ್ನು ತಡೆಯುವ ಶಕ್ತಿ ಈ ದ್ರವಕ್ಕಿಲ್ಲ.

ತಲೆಗೆ ಪೆಟ್ಟಾದ ಮೇಲೆ ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಇಳಿದರೆ, ಮಳೆಗಾಲದ ಶೀತವೆಂದು ಸುಮ್ಮನಿರಬಾರದು. ಬುರುಡೆಯ ತಳ ಬಿರಿದು ಪೊರೆಗಳು ಹರಿದಿರಬಹುದು. ದ್ರವ ಹೊರಬರುವ ದಾರಿಯಲ್ಲೇ ಬ್ಯಾಕ್ಟೀರಿಯಾ ಒಳಹೋಗಿ ಮೆನಿಂಜೈಟಿಸ್, ಅಂದರೆ ಮಿದುಳುಪೊರೆಯ ಉರಿಯೂತ, ತರಬಲ್ಲವು. ಮೂಗಿಗೆ ಹತ್ತಿ ತುರುಕುವುದು, ಜೋರಾಗಿ ಸೀಟುವುದು ಎರಡೂ ಬೇಡ.

ಇನ್ನು ಮಿದುಳಿಗೆ ರಕ್ತ ಬರುವ ದಾರಿ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಹೃದಯ ಹೊರದೂಡುವ ರಕ್ತದಲ್ಲಿ ಅದು ಪಡೆಯುವ ಪಾಲು ನೂರಕ್ಕೆ ಹದಿನೈದರಷ್ಟು, ನಿಮಿಷಕ್ಕೆ ಮುಕ್ಕಾಲು ಲೀಟರ್. ಅದನ್ನು ತರುವುದು ಕುತ್ತಿಗೆಯಲ್ಲಿ ಏರುವ ನಾಲ್ಕು ಧಮನಿಗಳು: ಮುಂದೆ ಎರಡು, ಬೆನ್ನುಮೂಳೆಯ ರಂಧ್ರಗಳೊಳಗಿಂದ ಎರಡು. ಧಮನಿಗಳ ಸ್ವಭಾವ ಕವಲೊಡೆಯುವುದು. ಆದರೆ ಹಿಂದಿನ ಈ ಎರಡು ಧಮನಿಗಳು ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಕೂಡುವಂತೆ ಮಿದುಳುಕಾಂಡದ ಮುಂದೆ ಕೂಡಿ ಒಂದೇ ಆಗಿ ಹರಿಯುತ್ತವೆ. ಆಮೇಲೆ ನಾಲ್ಕೂ ಧಮನಿಗಳ ರಕ್ತ ಮಿದುಳಿನ ತಳದಲ್ಲಿ ಒಂದು ವರ್ತುಲಕ್ಕೆ ಸೇರುತ್ತದೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರಿಸಿದ. ಆ ವಿವರಣೆಗೆ ಚಿತ್ರಗಳನ್ನು ಬಿಡಿಸಿದವರಲ್ಲಿ ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ವಾಸ್ತುಶಿಲ್ಪಿಯಾದ ಕ್ರಿಸ್ಟೋಫರ್ ರೆನ್ ಒಬ್ಬ. ಒಂದು ಧಮನಿ ನಿಧಾನವಾಗಿ ಕಟ್ಟಿಕೊಂಡರೆ ಇನ್ನೊಂದರ ರಕ್ತ ವರ್ತುಲದ ಮೂಲಕ ಬಂದು ಆ ಭಾಗವನ್ನು ಉಳಿಸಬಹುದು. ಎಲ್ಲರಲ್ಲೂ ಈ ವರ್ತುಲ ಪೂರ್ಣವಾಗಿರುವುದಿಲ್ಲ; ಅನೇಕರಲ್ಲಿ ಒಂದೆರಡು ಕೊಂಡಿಗಳು ತೀರ ಸಣ್ಣ, ಕೆಲವರಲ್ಲಿ ಇಲ್ಲವೇ ಇಲ್ಲ. ಈ ವರ್ತುಲದಲ್ಲೇ ಧಮನಿಯ ಗೋಡೆ ತೆಳುವಾಗಿ ಉಬ್ಬಿ ಒಡೆದರೆ ರಕ್ತ ತಿಳಿದ್ರವಕ್ಕೆ ಬೆರೆಯುತ್ತದೆ, ಹಿಂದೆಂದೂ ಕಾಣದ ತಲೆನೋವು ಒಮ್ಮೆಲೇ ಬಡಿಯುತ್ತದೆ. ಅದಕ್ಕೆ ಬೀಳಬೇಕೆಂದೇ ಇಲ್ಲ.

ರಕ್ತ ಹಿಂದಿರುಗುವ ದಾರಿಯ ಕಡೆ ನಾವು ಗಮನ ಕೊಡುವುದು ಕಡಿಮೆ, ಮನೆಯ ಹಿರಿಯರಿಗೆ ತೊಂದರೆಯಾಗುವುದು ಅಲ್ಲಿ. ಮಿದುಳಿನ ಮೇಲ್ಮೈಯಿಂದ ನೆತ್ತಿಯ ದೊಡ್ಡ ಸಿರೆಗೆ ಸಣ್ಣ ಸಿರೆಗಳು ಅರಾಕ್ನಾಯ್ಡನ್ನು ದಾಟಿ ಹೋಗುತ್ತವೆ. ವಯಸ್ಸಾದಂತೆ ಮಿದುಳು ಕುಗ್ಗುವುದರಿಂದ ಇವು ಎಳೆದು ಬಿಗಿಯಾಗಿರುತ್ತವೆ. ಅಂಗಳದ ಪಾಚಿಯಲ್ಲಿ ಜಾರಿದ ಸಣ್ಣ ಪೆಟ್ಟಿಗೂ ಒಂದು ಹರಿಯಬಹುದು. ಸಿರೆಯ ರಕ್ತಕ್ಕೆ ಒತ್ತಡ ಕಡಿಮೆ, ಮೇಲಾಗಿ ಕುಗ್ಗಿದ ಮಿದುಳಿನ ಸುತ್ತ ಜಾಗ ಹೆಚ್ಚು. ಡ್ಯೂರಾದ ಕೆಳಗೆ ರಕ್ತ ವಾರಗಟ್ಟಲೆ ನಿಧಾನವಾಗಿ ಸೇರುತ್ತದೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಇನ್ನೂ ಸುಲಭವಾಗಿ. ಅಜ್ಜ ಹೆಜ್ಜೆ ತಪ್ಪುತ್ತಾರೆ, ಹೆಸರು ಮರೆಯುತ್ತಾರೆ, ಹಗಲಿಡೀ ಮಲಗುತ್ತಾರೆ. ವಯಸ್ಸಾಯಿತಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಮರೆವಿನ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಸಿ.ಟಿ. ಸ್ಕ್ಯಾನಿನಲ್ಲಿ ಇದು ಸಾಮಾನ್ಯವಾಗಿ ಕಾಣಿಸುತ್ತದೆ, ಬುರುಡೆಯಲ್ಲಿ ಒಂದೆರಡು ಸಣ್ಣ ತೂತು ಕೊರೆದು ಕಪ್ಪಾಗಿ ತೆಳುವಾದ ಹಳೆಯ ರಕ್ತವನ್ನು ಹೊರಬಿಡಬಹುದು, ಎಷ್ಟೋ ಮಂದಿ ಕೆಲವೇ ದಿನಗಳಲ್ಲಿ ಮೊದಲಿನಂತೆ ಮಾತಾಡುತ್ತಾರೆ. ಆದರೆ ವೈದ್ಯರಿಗೆ ಸಂಶಯ ಬರಬೇಕಾದರೆ ಬಿದ್ದ ಸಂಗತಿ ಗೊತ್ತಾಗಬೇಕು. ಆಟಿ ತಿಂಗಳಲ್ಲಿ ಜಾರಿ ಬಿದ್ದದ್ದನ್ನು ಸೋಣ ತಿಂಗಳು ಮುಗಿಯುವಾಗಲಾದರೂ ನೆನಪು ಮಾಡಿ ಹೇಳಿ, ಆಗ ಗಾಯವೇ ಆಗಿರಲಿಲ್ಲ ಎಂದರೂ ಸರಿ.