ಮೊತ್ತ 181 ಬಂದ ಪಾಠ

6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಮತ್ತೆ ತಯಾರಿ, 6 ನಿಮಿಷ ಮತ್ತೆ ಅದೇ ಪಾಠ, ಕೊನೆಗೆ ಇನ್ನೊಂದು 6 ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ಬಿ.ಇಡ್. ಓದಿದವರಿಗೆ ಈ ಲೆಕ್ಕ ಬಾಯಿಪಾಠವಾಗಿರುತ್ತದೆ. ಸೂಕ್ಷ್ಮಬೋಧನೆಯ ಒಂದು ಸುತ್ತು ಅದು. ಎದುರಿಗೆ ಕೂತವರು ನಿಜವಾದ ಮಕ್ಕಳಲ್ಲ, ಜೊತೆಯಲ್ಲೇ ಓದುವ ಏಳೆಂಟು ಪ್ರಶಿಕ್ಷಣಾರ್ಥಿಗಳು. ಆ ಹೊತ್ತಿಗೆ ಅವರೇ ಎಂಟನೇ ತರಗತಿಯ ಮಕ್ಕಳು. ಒಬ್ಬರ ಕಣ್ಣು ಗಡಿಯಾರದ ಮೇಲೆ, ಇನ್ನೊಬ್ಬರ ಕೈಯಲ್ಲಿ ವೀಕ್ಷಣಾ ಪಟ್ಟಿ. ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ, ಹೀಗೆ ಒಂದು ಸಲಕ್ಕೆ ಒಂದನ್ನೇ ಹಿಡಿದು ತಿದ್ದುತ್ತಾರೆ.

ಈ ಪದ್ಧತಿ ಹುಟ್ಟಿದ್ದೇ ಒಂದು ಯಂತ್ರದ ಆಸರೆಯಲ್ಲಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡ್ವೈಟ್ ಆಲೆನ್ ಮತ್ತು ಸಂಗಡಿಗರು, ಮೇಷ್ಟರಾಗಲು ಹೊರಟವರ ಪುಟ್ಟ ಪಾಠಗಳನ್ನು ವಿಡಿಯೊ ಟೇಪಿನಲ್ಲಿ ಹಿಡಿದು ಅವರಿಗೇ ತೋರಿಸತೊಡಗಿದರು. 1970ರ ದಶಕದಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಮತ್ತು ಎನ್‌ಸಿಇಆರ್‌ಟಿ ಸೇರಿ ಅದನ್ನು ನಮ್ಮ ಕಾಲೇಜುಗಳಿಗೆ ಒಗ್ಗಿಸಿದಾಗ ದುಬಾರಿ ಕ್ಯಾಮೆರಾವನ್ನು ಅನಿವಾರ್ಯ ಮಾಡಲಿಲ್ಲ. ಅದರ ಜಾಗಕ್ಕೆ ಸಹಪಾಠಿಯ ಕಣ್ಣು, ಮಾರ್ಗದರ್ಶಕರ ಟಿಪ್ಪಣಿ ಬಂದವು.

ಈಗ ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿದೆ. ಮೊಬೈಲನ್ನು ಕಿಟಕಿಯ ಕಟ್ಟೆಗೆ ಒರಗಿಸಿಟ್ಟು ಪಾಠ ಮಾಡಿ, ಆಮೇಲೆ ಕೂತು ನೋಡಿದರೆ ಎಷ್ಟೋ ಸಂಗತಿ ಬಯಲಾಗುತ್ತದೆ. ಪ್ರಶ್ನೆ ಕೇಳಿ ಎರಡು ಸೆಕೆಂಡೂ ಕಾಯದೆ ಉತ್ತರವನ್ನು ತಾನೇ ಹೇಳಿಬಿಟ್ಟಿದ್ದು, ಕೊನೆಯ ಬೆಂಚಿನ ಕಡೆಗೆ ಒಮ್ಮೆಯೂ ತಿರುಗದಿದ್ದದ್ದು, ಹಲಗೆಯ ಜೊತೆಗೇ ಮಾತಾಡುತ್ತ ನಿಂತದ್ದು. ಸಹಪಾಠಿ ಹೇಳಿದರೆ ‘ನಾನು ಹಾಗೆ ಮಾಡಲೇ ಇಲ್ಲ’ ಎನ್ನಬಹುದು. ವಿಡಿಯೊ ಮುಂದೆ ಆ ಮಾತು ನಿಲ್ಲುವುದಿಲ್ಲ. ಭಾವಿ ಶಿಕ್ಷಕರಿಗೆ ತಂತ್ರಜ್ಞಾನದ ಮೊದಲ ಉಪಯೋಗ ಮಕ್ಕಳಿಗೆ ಏನನ್ನೋ ತೋರಿಸುವುದರಲ್ಲಿಲ್ಲ, ತಮ್ಮನ್ನು ತಾವು ನೋಡಿಕೊಳ್ಳುವುದರಲ್ಲಿದೆ. ನಮ್ಮ ಶಿಕ್ಷಣ ಕಾಲೇಜುಗಳು ಇದರ ಬೆಲೆಯನ್ನು ಇನ್ನೂ ಪೂರ್ತಿಯಾಗಿ ಅರಿತಂತಿಲ್ಲ.

ಇದಕ್ಕೆ ಒಂದು ಚರಿತ್ರೆಯೂ ಇದೆ. ನಮ್ಮಲ್ಲಿ ಯಂತ್ರಗಳು ತರಗತಿಗೆ ಬಂದದ್ದು ಬಹುಮಟ್ಟಿಗೆ ಮೇಲಿನಿಂದ, ಕೆಲವೊಮ್ಮೆ ಆಕಾಶದಿಂದಲೇ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ಆ ಆರರಲ್ಲಿ ಕರ್ನಾಟಕವೂ ಒಂದು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರಿಗೆಲ್ಲ ಕಾರ್ಯಕ್ರಮ. ಅದೇ ಪ್ರಯೋಗದಡಿ ಹತ್ತಾರು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಟಿ.ವಿ. ಪರದೆಯ ಮೂಲಕವೇ ವಿಜ್ಞಾನ ಬೋಧನೆಯ ತರಬೇತಿ ಸಿಕ್ಕಿತು. ಆ ಕಾಲಕ್ಕೆ ಅದು ಸಾಹಸವೇ ಸರಿ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಮೊದಲಿಗೆ ಕಂಡವು. ಎರಡರಲ್ಲೂ ಪಾಠ ಬೇರೆ ಎಲ್ಲೋ ಸಿದ್ಧವಾಗುತ್ತಿತ್ತು. ಶಾಲೆಯ ಮೇಷ್ಟರ ಪಾಲಿಗೆ ಉಳಿದದ್ದು ಸ್ವಿಚ್ ಒತ್ತುವುದು, ಮಕ್ಕಳನ್ನು ಸುಮ್ಮನೆ ಕೂರಿಸುವುದು, ಮುಗಿದ ಮೇಲೆ ಎರಡು ಮಾತಾಡುವುದು.

ಯಂತ್ರ ಮೇಷ್ಟರ ಕೈಗೇ ಬಂದಾಗ ಪ್ರಶ್ನೆ ಬದಲಾಯಿತು. 2015ರಲ್ಲಿ ಬಿ.ಇಡ್. ಎರಡು ವರ್ಷದ ಕೋರ್ಸಾದಾಗ ಐಸಿಟಿಯನ್ನು, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು, ವಿಮರ್ಶಾತ್ಮಕವಾಗಿ ಅರಿಯುವ ಪ್ರತ್ಯೇಕ ಪತ್ರಿಕೆಯೊಂದು ಪಠ್ಯಕ್ರಮದಲ್ಲಿ ಸೇರಿತು. ಉದ್ದೇಶ ಒಳ್ಳೆಯದೇ. ಆದರೆ ಪ್ರತ್ಯೇಕ ಪತ್ರಿಕೆಗೆ ಒಂದು ಅಪಾಯ ಅಂಟಿಕೊಂಡಿರುತ್ತದೆ. ಸ್ಲೈಡ್ ಮಾಡುವುದು, ಅಂಕಪಟ್ಟಿ ಕೂಡಿಸುವುದು, ಇ-ಮೇಲ್ ಕಳಿಸುವುದು, ಇಷ್ಟರಲ್ಲೇ ಕಂಪ್ಯೂಟರ್ ಲ್ಯಾಬಿನ ಅವಧಿ ಮುಗಿದುಹೋಗುತ್ತದೆ. ಗಣಿತ ಬೋಧನಾ ವಿಧಾನದ ತರಗತಿ ಪಕ್ಕದ ಕೋಣೆಯಲ್ಲಿ ಹಳೆಯ ದಾರಿಯಲ್ಲೇ ನಡೆದಿರುತ್ತದೆ. ಎರಡು ಕೋಣೆಗಳ ನಡುವಿನ ಗೋಡೆಯನ್ನು ದಾಟುವ ಕೆಲಸ ಪ್ರಶಿಕ್ಷಣಾರ್ಥಿಯ ತಲೆಗೇ ಬೀಳುತ್ತದೆ.

ಈ ಗೋಡೆಯನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಒಬ್ಬರು ಭಾರತೀಯ ಮೂಲದವರು. ಪಿಲಾನಿಯಲ್ಲಿ ಎಂಜಿನಿಯರಿಂಗ್, ಮುಂಬೈ ಐಐಟಿಯಲ್ಲಿ ವಿನ್ಯಾಸ ಕಲಿತು ಅಮೆರಿಕಕ್ಕೆ ಹೋದ ಪುಣ್ಯ ಮಿಶ್ರ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕೋಲರ್ ಜೊತೆ ಕೆಲಸ ಮಾಡಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೆ 20 ವರ್ಷ ಹಿಂದೆ ಲೀ ಶುಲ್ಮನ್ ಒಂದು ಮಾತು ಹೇಳಿದ್ದರು: ವಿಷಯ ಗೊತ್ತಿರುವುದು ಬೇರೆ, ಬೋಧನಾ ವಿಧಾನ ಗೊತ್ತಿರುವುದು ಬೇರೆ, ಒಂದು ವಿಷಯವನ್ನು ಮಕ್ಕಳಿಗೆ ಹೇಗೆ ದಾಟಿಸಬೇಕೆಂಬುದು ಈ ಎರಡೂ ಬೆರೆತಾಗ ಹುಟ್ಟುವ ಮೂರನೆಯ ತಿಳಿವು. ಮಿಶ್ರ ಮತ್ತು ಕೋಲರ್ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ‘ಟಿಪ್ಯಾಕ್’ ಎಂಬ ಹೆಸರಿನಲ್ಲಿ ಇಂದು ಬಿ.ಇಡ್. ಟಿಪ್ಪಣಿಗಳಲ್ಲಿ ಮೂರು ವೃತ್ತಗಳು ಒಂದರ ಮೇಲೊಂದು ಹಾಯುವ ಚಿತ್ರವಾಗಿ ಅದು ಕಾಣಸಿಗುತ್ತದೆ. ಚಿತ್ರ ಬರೆದು ಅಂಕ ಗಳಿಸುವುದು ಸುಲಭ. ಆ ಮೂರು ವೃತ್ತಗಳು ಕೂಡುವ ನಡುಜಾಗದಲ್ಲಿ ಒಂದು ಪಾಠ ಹೇಗಿರುತ್ತದೆ ಎಂದು ತೋರಿಸುವುದೇ ಕಷ್ಟ.

ಅದಕ್ಕೆ ಒಂದು ಪಾಠವನ್ನೇ ಬಿಡಿಸಿ ನೋಡಬೇಕು. ತ್ರಿಭುಜದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ. ಗಣಿತ ಮೇಷ್ಟರಾಗುವ ಯಾರೂ ತಪ್ಪಿಸಿಕೊಳ್ಳಲಾಗದ ಪಾಠ ಇದು.

ಜಿಯೊಜೀಬ್ರ ಎಂಬ ತಂತ್ರಾಂಶ ಇದಕ್ಕೆ ಹೇಳಿಮಾಡಿಸಿದಂತಿದೆ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ 2001ರ ಸುಮಾರಿಗೆ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರು ಮಾಡಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ತ್ರಿಭುಜ ಎಳೆದು ಒಂದು ಶೃಂಗವನ್ನು ಹಿಡಿದು ಎಳೆದಾಡಿದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ ಅಲುಗುವುದಿಲ್ಲ. ಕೋನಮಾಪಕ ಹಿಡಿದು ಒಂದು ಅವಧಿಯಲ್ಲಿ ನಾಲ್ಕು ತ್ರಿಭುಜ ಅಳೆಯುವ ಜಾಗದಲ್ಲಿ ಅರ್ಧ ನಿಮಿಷಕ್ಕೆ ನೂರು ತ್ರಿಭುಜ. ಮೊದಲ ಸಲ ಇದನ್ನು ಕಂಡ ಪ್ರಶಿಕ್ಷಣಾರ್ಥಿಗೆ ಪಾಠ ಗೆದ್ದೆ ಎನಿಸುವುದು ಸಹಜ.

ತೊಡಕು ಬರುವುದು ಆಮೇಲೆ. ಕೋನಗಳನ್ನು ಪೂರ್ಣಸಂಖ್ಯೆಗೆ ಸರಿಮಾಡಿ ತೋರಿಸುವಂತೆ ತಂತ್ರಾಂಶವನ್ನು ಹೊಂದಿಸಿದ್ದರೆ, 59.6, 60.7, 59.7 ಡಿಗ್ರಿಯ ಕೋನಗಳು ಪರದೆಯ ಮೇಲೆ 60, 61, 60 ಎಂದು ಕಾಣುತ್ತವೆ. ಕೂಡಿದರೆ 181. ಮುಂದಿನ ಬೆಂಚಿನ ಚುರುಕು ಹುಡುಗಿ ಅದನ್ನು ಹಿಡಿದೇ ಹಿಡಿಯುತ್ತಾಳೆ. ತಯಾರಿಲ್ಲದ ಮೇಷ್ಟರು ‘ಕಂಪ್ಯೂಟರ್ ತಪ್ಪು ತೋರಿಸ್ತಿದೆ’ ಎಂದು ಮುಂದೆ ಹೋಗಿಬಿಡಬಹುದು. ತಯಾರಾದವರಿಗೆ ಅದೇ ಅಂದಿನ ಪಾಠದ ತಿರುಳು: ಅಳತೆ ಎಂದರೇನು, ಸರಿಸುಮಾರು ಎಂದರೇನು, ನೂರು ಅಳತೆ ಹೊಂದಿದರೂ ನೂರಾಒಂದನೆಯದು ಹೊಂದುತ್ತದೆಂದು ಯಾವ ಧೈರ್ಯದ ಮೇಲೆ ಹೇಳುವುದು, ಆದ್ದರಿಂದ ಸಾಧನೆ ಯಾಕೆ ಬೇಕು. ಈ ಪ್ರಶ್ನೆಗಳು ಕಂಪ್ಯೂಟರ್ ಲ್ಯಾಬಿನ ಪಾಠದಲ್ಲಿ ಬರುವುದಿಲ್ಲ. ಗಣಿತ ಬೋಧನಾ ವಿಧಾನದ ತರಗತಿಗೇ ಕಂಪ್ಯೂಟರ್ ಬಂದಾಗ ಬರುತ್ತವೆ.

ವಿಜ್ಞಾನದಲ್ಲೂ ಹೀಗೆಯೇ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಪ್ರಾತ್ಯಕ್ಷಿಕೆಗಳಲ್ಲಿ ವಿದ್ಯುನ್ಮಂಡಲದ್ದೂ ಒಂದಿದೆ. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಹರಿಯುತ್ತವೆ. ಬಲ್ಬು ಕರೆಂಟನ್ನು ‘ತಿಂದುಬಿಡುತ್ತದೆ’ ಎಂದು ನಂಬಿದ ಮಗುವಿಗೆ, ಬಲ್ಬಿನ ಎರಡೂ ಕಡೆ ಚುಕ್ಕೆಗಳು ಒಂದೇ ವೇಗದಲ್ಲಿ ಸಾಗುವುದನ್ನು ಕಂಡರೆ ಆ ನಂಬಿಕೆ ಸಡಿಲವಾಗುತ್ತದೆ. ಅದೇ ಮಗು ಎಲೆಕ್ಟ್ರಾನೆಂದರೆ ನೀಲಿ ಗೋಲಿ ಎಂಬ ಹೊಸ ತಪ್ಪನ್ನೂ ಕಟ್ಟಿಕೊಳ್ಳಬಹುದು. ಹಾಗಾಗಿ ಮೊದಲು ಕೈಗೆ ಸೆಲ್ಲು, ತಂತಿ, ಟಾರ್ಚಿನ ಬಲ್ಬು, ಪರದೆ ಆಮೇಲೆ. ಈ ಕ್ರಮವನ್ನು ಯೋಚಿಸಿ ಪಾಠಯೋಜನೆಯಲ್ಲಿ ಬರೆಯುವುದೇ ಪ್ರಶಿಕ್ಷಣಾರ್ಥಿ ಕಲಿಯಬೇಕಾದ ಕೆಲಸ.

ಕರ್ನಾಟಕದಲ್ಲಿ ಈ ದಿಕ್ಕಿನ ಕೆಲಸ ಸಾಕಷ್ಟು ನಡೆದಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಸ್ವತಂತ್ರ ತಂತ್ರಾಂಶಗಳ ತರಬೇತಿ ಕೊಟ್ಟಿತು. ಅದರ ಮುಂದುವರಿಕೆಯಾಗಿ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಅಂದರೆ ‘ಕೋಯರ್’, ಶಿಕ್ಷಕರೇ ಬರೆದು ತಿದ್ದಬಹುದಾದ ಪಾಠಸಾಮಗ್ರಿಯ ಕಣಜ. ಬೇರೆಯವರು ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚುವುದಕ್ಕೂ ತಾವೇ ಒಲೆ ಹಚ್ಚುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. 2017ರಲ್ಲಿ ಬಂದ ‘ದೀಕ್ಷಾ’ ಡಿಜಿಟಲ್ ವೇದಿಕೆ ಮತ್ತು ಪಠ್ಯಪುಸ್ತಕದ ಪುಟಗಳ ಕ್ಯೂಆರ್ ಕೋಡ್‌ಗಳಿಂದ ಸಾಮಗ್ರಿಯ ಕೊರತೆ ಬಹಳ ಮಟ್ಟಿಗೆ ನೀಗಿದೆ. ಆರಿಸುವ ಕಣ್ಣು ಮಾತ್ರ ತರಬೇತಿಯಿಂದಲೇ ಬರಬೇಕು. 2020ರ ಕೋವಿಡ್ ಕಾಲದಲ್ಲಿ ಮೊಬೈಲಿಲ್ಲದ ಮನೆಗಳ ಮಕ್ಕಳನ್ನು ಹುಡುಕಿಕೊಂಡು ‘ವಿದ್ಯಾಗಮ’ ಯೋಜನೆಯಡಿ ಮರದ ನೆರಳಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದ ಶಿಕ್ಷಕರಿಗೆ, ಸಾಮಗ್ರಿಯೊಂದೇ ಸಾಲದೆಂಬುದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಮೈಸೂರಿನಲ್ಲಿ ಮಾನಸಗಂಗೋತ್ರಿಯ ಬಳಿ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವ್ಯವಸ್ಥೆ ಈ ಕಲಿಕೆಗೆ ತುಂಬ ಹೊಂದುತ್ತದೆ. ಅಜ್ಮೀರ್, ಭೋಪಾಲ್, ಭುವನೇಶ್ವರಗಳ ಜೊತೆ ಎನ್‌ಸಿಇಆರ್‌ಟಿ ಇದನ್ನು 1963ರಲ್ಲಿ ಕಟ್ಟಿತು. ಪಿಯುಸಿ ಮುಗಿಸಿ ಬಂದವರು ಇಲ್ಲಿ ವಿಜ್ಞಾನದ ಪದವಿಯನ್ನೂ ಬೋಧನೆಯ ತರಬೇತಿಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಯುತ್ತಾರೆ. ಆವರಣದೊಳಗೇ ಒಂದು ಪ್ರಾತ್ಯಕ್ಷಿಕಾ ಶಾಲೆಯಿದೆ. ಭೌತವಿಜ್ಞಾನದ ಪ್ರಯೋಗಾಲಯ, ಬೋಧನಾ ವಿಧಾನದ ಕೋಣೆ, ನಿಜವಾದ ಮಕ್ಕಳಿರುವ ತರಗತಿ, ಮೂರೂ ನಡೆದುಹೋಗುವಷ್ಟು ಹತ್ತಿರ. ಗೋಡೆ ಒಡೆಯಲು ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ. ಎರಡು ವರ್ಷದ ಬಿ.ಇಡ್. ಕಾಲೇಜುಗಳಿಗೆ ಇಷ್ಟು ಅನುಕೂಲವಿಲ್ಲದಿದ್ದರೂ, ಪ್ರಶಿಕ್ಷಣಾರ್ಥಿಗಳು ವಾರಗಟ್ಟಲೆ ಶಾಲೆಯಲ್ಲೇ ಕಳೆಯುವ ಇಂಟರ್ನ್‌ಶಿಪ್ ಇದೆ. ಅಲ್ಲಿ ಒಂದೇ ಕಂಪ್ಯೂಟರಿಗೆ ನಲವತ್ತು ಮಕ್ಕಳು. ಪಾಠದ ನಡುವೆ ಕರೆಂಟು ಹೋಗುವುದೂ ಉಂಟು.

ಸೂಕ್ಷ್ಮಬೋಧನೆಯ ಆ 12 ನಿಮಿಷಕ್ಕೆ ಮರಳಿದರೆ, ಇಷ್ಟೂ ಸಂಗತಿ ಅಲ್ಲಿ ಒಟ್ಟಿಗೆ ಎದುರಾಗುತ್ತದೆ. ಮೊದಲ ಸುತ್ತಿನಲ್ಲಿ ಪ್ರಶಿಕ್ಷಣಾರ್ಥಿ ನೇರವಾಗಿ ಪರದೆ ಹಾಕಿ ತ್ರಿಭುಜ ಎಳೆದಾಡಿಸಿದ್ದಾರೆ, ‘ಮಕ್ಕಳು’ ನೋಡಿದ್ದಾರೆ, ಯಾರೂ ಏನನ್ನೂ ಕೇಳಿಲ್ಲ. ಮೊಬೈಲಿನ ವಿಡಿಯೊದಲ್ಲಿ ಆ ಮೌನ ಎದ್ದು ಕಾಣುತ್ತದೆ. ಎರಡನೆಯ ಸುತ್ತಿಗೆ ಅವರು ಒಂದು ಹಾಳೆ ತೆಗೆದುಕೊಂಡು ತ್ರಿಭುಜಗಳನ್ನು ಕತ್ತರಿಸಿ ಎಲ್ಲರಿಗೂ ಹಂಚುತ್ತಾರೆ. ಮೂರು ಮೂಲೆ ಹರಿದು ಜೋಡಿಸಿದರೆ ಒಂದು ಸರಳರೇಖೆ. ಆಮೇಲೆ ಪರದೆ. ಈ ಸಲ ದಶಾಂಶವನ್ನು ಬೇಕೆಂದೇ ತೆಗೆದಿದ್ದಾರೆ. ಶೃಂಗವನ್ನು ಮೆಲ್ಲಗೆ ಎಳೆದು ಒಂದು ಕಡೆ ನಿಲ್ಲಿಸುತ್ತಾರೆ: 60, 61, 60.

‘ಮೇಡಂ, 181 ಬಂತು.’

ಅವರು ಉತ್ತರ ಹೇಳುವುದಿಲ್ಲ. ‘ಯಾಕಿರಬಹುದು?’ ಎಂದು ಕೇಳಿ ಕಾಯುತ್ತಾರೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಮಾತು ಶುರುವಾಗುತ್ತದೆ. ಅದು ಒಂದು ಹದಕ್ಕೆ ಬಂದ ಮೇಲೆ ಪ್ರೊಜೆಕ್ಟರ್ ಆರಿಸಿ, ಸೀಮೆಸುಣ್ಣ ಕೈಗೆತ್ತಿಕೊಂಡು, ಹಲಗೆಯ ಮೇಲಿನ ತ್ರಿಭುಜದ ತುದಿಯ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯುತ್ತಾರೆ.