ಕರ್ನಲ್ ಪ್ಯಾನಿಕ್: ಹಲವು ವ್ಯವಸ್ಥೆಗಳಿಗೆ ಒಂದೇ ಕೋಡ್

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ತನ್ನ ಒಳಗಿನ ಲೆಕ್ಕವೇ ತಪ್ಪಿರುವುದು ಕಂಡಾಗ ಯಂತ್ರವನ್ನು ಬೇಕೆಂದೇ ನಿಲ್ಲಿಸುತ್ತದೆ. ಮುಂದುವರಿದರೆ ಡಿಸ್ಕ್‌ನಲ್ಲಿರುವ ಕಡತಗಳೂ ಕೆಡಬಹುದು. ಹೀಗೆ ನಿಲ್ಲಿಸುವ ಫಂಕ್ಷನ್ನೇ ಪ್ಯಾನಿಕ್. 1975ರ ಯುನಿಕ್ಸ್ ಆರನೆಯ ಆವೃತ್ತಿಯಲ್ಲಿ ಅದು ಕೆಲವೇ ಸಾಲುಗಳದ್ದು: ಬಾಕಿ ಉಳಿದ ದತ್ತಾಂಶವನ್ನು ಡಿಸ್ಕ್‌ಗೆ ಬರೆದು, ಕನ್ಸೋಲ್‌ನಲ್ಲಿ ಸಂದೇಶ ಮುದ್ರಿಸಿ, ಕೊನೆಯಿಲ್ಲದ ಲೂಪ್‌ನಲ್ಲಿ ನಿಂತುಬಿಡುತ್ತಿತ್ತು.

ಇಂದು ಈ ಫಂಕ್ಷನ್ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಬಗೆ. ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಗಳಲ್ಲಿ ಪ್ಯಾನಿಕ್, ಪ್ರಿಂಟ್‌ಎಫ್ ಮಾದರಿಯ ಸಂದೇಶವನ್ನೂ ಅದರೊಳಗೆ ತುಂಬಬೇಕಾದ ಮೌಲ್ಯಗಳನ್ನೂ ಪಡೆಯುತ್ತದೆ. ವಿಂಡೋಸ್‌ನ ಕೆಇಬಗ್‌ಚೆಕ್‌ಇಎಕ್ಸ್‌ಗೆ ಕೊಡಬಹುದಾದದ್ದು ಒಂದು ಸಂಕೇತ ಸಂಖ್ಯೆ ಮತ್ತು ನಾಲ್ಕು ಮೌಲ್ಯಗಳು ಮಾತ್ರ. ಸಂದೇಶಕ್ಕೆ ಅಲ್ಲಿ ಜಾಗವಿಲ್ಲ.

ಹಲವು ವ್ಯವಸ್ಥೆಗಳಲ್ಲಿ ಓಡಬೇಕಾದ ಕೋಡ್ ಇವನ್ನು ನೇರವಾಗಿ ಕರೆಯುವುದಿಲ್ಲ. ನಡುವೆ ತನ್ನದೇ ಒಂದು ಫಂಕ್ಷನ್ ಇಟ್ಟುಕೊಂಡು, ಪ್ರತಿ ವ್ಯವಸ್ಥೆಗೂ ಅದರ ಒಡಲನ್ನು ಬೇರೆಯಾಗಿ ಬರೆಯುತ್ತದೆ. ಆ ಫಂಕ್ಷನ್ ಮೂರು ನಿಯಮಗಳನ್ನು ಪಾಲಿಸಬೇಕು. ಮೊದಲನೆಯದು, ಅದು ಕರೆದವರ ಬಳಿಗೆ ಎಂದೂ ಮರಳಬಾರದು. ಮರಳುವುದಿಲ್ಲವೆಂದು ಕಂಪೈಲರ್‌ಗೂ ತಿಳಿಸಿರಬೇಕು. ತಿಳಿಸಿದ ಮೇಲೂ ಮರಳಿದರೆ ಮುಂದೆ ಯಾವ ಕೋಡ್ ಓಡೀತೆಂದು ಹೇಳಲಾಗದು. ಎರಡನೆಯದು, ಆ ಹೊತ್ತಿನಲ್ಲಿ ಹೊಸದಾಗಿ ಮೆಮೊರಿ ಕೇಳಬಾರದು, ಬೀಗಕ್ಕಾಗಿ ಕಾಯಬಾರದು. ಕೆಟ್ಟಿರುವುದು ಅವೇ ಇರಬಹುದು. ಸಂದೇಶಕ್ಕೆ ಮೊದಲೇ ಕಾದಿರಿಸಿದ ಬಫರ್ ಬೇಕು. ಮೂರನೆಯದು, ಹೀಗೆ ಸಿದ್ಧವಾದ ಸಂದೇಶವನ್ನು ಮತ್ತೆ ಫಾರ್ಮ್ಯಾಟ್ ಆಗಿ ಕಳಿಸಬಾರದು. ಅದರಲ್ಲೊಂದು ಶೇಕಡಾ ಚಿಹ್ನೆ ಇದ್ದರೂ ಪ್ಯಾನಿಕ್, ಇಲ್ಲದ ಮೌಲ್ಯವನ್ನು ಹುಡುಕಹೊರಡುತ್ತದೆ.

ಹೀಗೆ ನಡುವೆ ತನ್ನದೇ ಫಂಕ್ಷನ್ ಇಟ್ಟುಕೊಂಡ ಕೋಡ್‌ಗೆ ಒಳ್ಳೆಯ ಉದಾಹರಣೆ, ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂಗಾಗಿ ಹುಟ್ಟಿದ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ. ಅದರ ಮುಂದುವರಿಕೆಯಾದ ಓಪನ್‌ಝಡ್‌ಎಫ್‌ಎಸ್‌ನ 2020ರ ಆವೃತ್ತಿ 2.0, ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಗಳನ್ನು ಒಂದೇ ಕೋಡ್‌ನ ಕೆಳಗೆ ತಂದಿತು. ಒಳಗಿನ ಲೆಕ್ಕ ಸರಿಯಿದೆಯೇ ಎಂದು ನೋಡುವ ಅದರ ತಪಾಸಣೆಗಳು ಸೋಲಾರಿಸ್ ಶೈಲಿಯಲ್ಲೇ ಉಳಿದಿವೆ. ಸೋಲಾರಿಸ್ ಪೋರ್ಟಿಂಗ್ ಲೇಯರ್ ಎಂಬ ಪದರ ಅವನ್ನು ಆಯಾ ಕರ್ನಲ್‌ಗೆ ಹೊಂದಿಸುತ್ತದೆ. ಲಿನಕ್ಸ್‌ನಲ್ಲಿ ತಪಾಸಣೆ ಸೋತರೆ ಆ ಪದರ ಇಡೀ ಯಂತ್ರವನ್ನು ಕೆಡವದೆ, ದೋಷ ಕಂಡ ಥ್ರೆಡ್ಡನ್ನಷ್ಟೇ ನಿಲ್ಲಿಸಿ, ದೋಷ ಹುಡುಕುವವರಿಗೆ ಅನುಕೂಲ ಮಾಡಿಕೊಡುತ್ತದೆ. ಪೂರ್ತಿ ಪ್ಯಾನಿಕ್ ಬೇಕೆನ್ನುವ ನಿರ್ವಾಹಕರು ಎಸ್‌ಪಿಎಲ್_ಪ್ಯಾನಿಕ್_ಹಾಲ್ಟ್ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ಇದೇ ಕೋಡ್ ಪರೀಕ್ಷೆಗಾಗಿ ಸಾಮಾನ್ಯ ಪ್ರೋಗ್ರಾಂ ಆಗಿಯೂ ಓಡುತ್ತದೆ. ಆಗ ಪ್ಯಾನಿಕ್ ಎಂದರೆ ಆ ಪ್ರೋಗ್ರಾಂ ಮಾತ್ರ ಅಬಾರ್ಟ್ ಆಗುವುದು. ಎಲ್ಲಿ ಓಡಿದರೂ ಬದಲಾಗದ ಕರಾರು ಒಂದೇ: ತಪಾಸಣೆಯಲ್ಲಿ ಸೋತ ಥ್ರೆಡ್ ಮುಂದಿನ ಸಾಲಿಗೆ ಹೋಗುವುದಿಲ್ಲ.